ಹಾಲಿಳಿಸುವ ಸನ್ನೆ

ಮನೆಗಳು ಮಾತು ಕೇಳುವುದನ್ನು ಬಿಟ್ಟು ಸನ್ನೆ ನೋಡಲು ಶುರು ಮಾಡಿ ಬಹಳ ಕಾಲವಾಗಿತ್ತು. ದೀಪಕ್ಕೆ, ನಲ್ಲಿಗೆ, ಒಲೆಗೆ ಒಂದೊಂದು ಸನ್ನೆ; ಅದನ್ನು ಮಾಡಿದರೆ ಸಾಕು, ಮನೆಯ ಯಂತ್ರವೇ ಕೆಲಸ ನಡೆಸುತ್ತಿತ್ತು. ಒಂದು ಮನೆ ಕಲಿತದ್ದನ್ನು ಉಳಿದ ಮನೆಗಳೂ ತಾವಾಗಿಯೇ ಕಲಿತುಕೊಳ್ಳುತ್ತಿದ್ದವು.

ಗದಗಿನ ಈರವ್ವನಿಗೆ ಹುಟ್ಟಿನಿಂದಲೂ ಕಿವಿ ಕೇಳಿಸದು, ಮಾತೂ ಬಾರದು. ಮಗಳು ಸುವರ್ಣಾಳೊಂದಿಗೆ ವಿಜಯಪುರಕ್ಕೆ ಗಂಡಿನ ಮನೆ ನೋಡಲು ಹೋದಾಗ ಈರವ್ವನಿಗೆ ಒಂದೇ ಅಳುಕು. ತಾಯಿ ಮೂಕಿ ಎಂದು ಅವರು ಹಿಂದೇಟು ಹಾಕಿದರೆ?

ಅಡುಗೆಮನೆಯಲ್ಲಿ ಒಲೆಯ ಮೇಲೆ ಹಾಲು ಉಕ್ಕಿಬರುತ್ತಿತ್ತು. ಗಂಡಿನ ತಾಯಿ ನೀಲಮ್ಮ ಕೆನ್ನೆ ಉಬ್ಬಿಸಿ, ಅದನ್ನು ಬೆರಳಿನಿಂದ ಚುಚ್ಚಿ ಗಾಳಿ ಬಿಟ್ಟರು. ಉರಿ ತಗ್ಗಿತು, ಹಾಲು ಇಳಿಯಿತು.

ಈರವ್ವ ದಡಕ್ಕನೆ ಎದ್ದು ನಿಂತಳು. ಚಿಕ್ಕವಳಿದ್ದಾಗ, ಹಾಲು ಉಕ್ಕುತ್ತಿದೆ ಎಂದು ಅವ್ವನಿಗೆ ತಿಳಿಸಲು ತಾನೇ ಹುಡುಕಿಕೊಂಡ ಸನ್ನೆ ಅದು. ಮುಂದೆ ತನ್ನ ಮನೆಗೂ ಅದನ್ನೇ ಕಲಿಸಿದ್ದಳು. ಅವಸರವಸರವಾಗಿ ಮಗಳಿಗೆ ಕೈಯಲ್ಲೇ ಹೇಳಿದಳು.

“ಅಮ್ಮಾರ, ಈ ಸನ್ನಿ ನಮ್ಮವ್ವಂದ್ರಿ. ಸಣ್ಣಾಕಿ ಇದ್ದಾಗ ಮಾಡಿದ್ದಂತ,” ಎಂದಳು ಸುವರ್ಣಾ.

“ಅಯ್ಯ ನಮ್ಮವ್ವಾ! ನಮ್ಮ ಓಣ್ಯಾಗ ಎಲ್ಲಾರೂ ಹಿಂಗ ಹಾಲು ಕಾಸೂದು!” ನೀಲಮ್ಮ ಈರವ್ವನ ಕೈಹಿಡಿದು ಹಿತ್ತಲ ಬಾಗಿಲಿಗೆ ಕರೆದೊಯ್ದು ನೆರೆಯವರನ್ನು ಕೂಗಿದರು. “ಎಲ್ಲಾರೂ ಬರ್ರೆವಾ ಇಲ್ಲೆ! ನಮ್ಮ ಬೀಗತಿ ಯಾರು ಅಂತ ನೋಡ್ರಿ!”

ಈರವ್ವನಿಗೆ ಕೂಗು ಕೇಳಿಸಲಿಲ್ಲ. ಆದರೆ ‘ಬೀಗತಿ’ ಎಂದ ಆ ತುಟಿಗಳನ್ನು ಅವಳು ಸ್ಪಷ್ಟವಾಗಿ ಓದಿದಳು. ಸೆರಗು ಸರಿಮಾಡಿಕೊಂಡು, ತಲೆಯೆತ್ತಿ, ಬರುವವರ ಎದುರಿಗೆ ನಿಂತಳು.