ಊಟಕ್ಕೆ ಕುಳಿತವನು

“ನೀ ಹೇಳಿದ ಔಷಧ ನಾಟ್ತು ನೋಡಪ್ಪಾ,” ಎಂದಳು ಸಿದ್ದವ್ವ, ಮಿಲ್ಲಿನಲ್ಲಿ ಕೊಂಡ ಹೊಟ್ಟಿನ ಗಂಟನ್ನು ತಲೆಗೇರಿಸುತ್ತ. “ಅಜವಾನ ಕುಡಿಸಿದ್ದಕ್ಕ ಎಮ್ಮಿ ಹೊಟ್ಟಿ ಉಬ್ಬರ ಇಳೀತು.”

ಧೂಳಪ್ಪ ಹೊತ್ತ ಚೀಲ ಇಳಿಸಿ ನೆಟ್ಟಗೆ ನಿಂತ. ಪಕ್ಕದ ಮನೆಯ ಸಿದ್ದವ್ವನಿಗೆ ಎಮ್ಮೆ ಇದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. “ನಾ ಯಾವಾಗ ಹೇಳಿದೆ ಬೇ?”

“ನಿನ್ನೆ ಊಟಕ್ಕ ಕುಂತಾಗ ನಮ್ಮವರು ಹೇಳಿದ್ರು ಅಂತ ನಿನ್ನ ಹೆಂಡ್ತೀನ ಅಂದ್ಲಲ್ಲೋ!”

ನಿನ್ನೆ ಅವನು ಮನೆಯಲ್ಲಿ ತುಟಿ ಬಿಚ್ಚಿರಲಿಲ್ಲ. ಎಪ್ಪತ್ತಾರನೇ ಇಸವಿಯ ಸುಗ್ಗಿ, ತಾಳಿಕೋಟೆಗೆ ತೊಗರಿ ಬಂಡಿಗಟ್ಟಲೆ ಬರುತ್ತಿತ್ತು. ಬೇಳೆ ಮಿಲ್ಲಿಗೆ ಕತ್ತಲಿರುವಾಗ ಹೋದವನು ಕತ್ತಲಾದ ಮೇಲೆ ಬರುತ್ತಿದ್ದ. ಯಂತ್ರದ ಗದ್ದಲದಲ್ಲಿ ಕೈಸನ್ನೆಯೇ ಮಾತು. ಮನೆ ಮುಟ್ಟಿದರೂ ಕಿವಿಯಲ್ಲಿ ಅದೇ ಸದ್ದು. ಶೇವಂತೆವ್ವ ಬಡಿಸುತ್ತಿದ್ದಳು, ಅವನು ಉಂಡು ಅಲ್ಲೇ ಉರುಳುತ್ತಿದ್ದ. ತಮ್ಮೂರು ಹೊರ್ತಿ ಬಿಟ್ಟು ಬಂದ ಮೇಲೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಹಾಗಾದರೆ ಅವಳ ಎದುರು ಊಟಕ್ಕೆ ಕುಳಿತು ಎಮ್ಮೆಗೆ ಔಷಧ ಹೇಳಿದವನು ಯಾರು?

ಮತ್ತೊಂದು ದಿನ ಬಂಡಿ ಹೊಡೆಯುವ ಬಂದೇನವಾಜ ಅವನ ಬೆನ್ನು ಚಪ್ಪರಿಸಿದ. “ಭಾಳ ನಗಸ್ತೀ ಬಿಡೋ ದೋಸ್ತ! ನಿಮ್ಮ ಸಾವಕಾರ ತೊಗರಿ ರಾಶ್ಯಾಗ ಜಾರಿ ಬಿದ್ದು ಚಪ್ಪಲಿ ಹುಡುಕಿದ್ನಂತಲ್ಲ? ನಿನ್ನ ಹೆಂಡ್ತಿ ಹೇಳಿದ್ದ ಕೇಳಿ ನಮ್ಮ ಮನ್ಯಾಗ ಎಲ್ಲಾರೂ ನಕ್ಕಿದ್ದ ನಕ್ಕಿದ್ದು.”

ಸಾವಕಾರ ಯಾವ ರಾಶಿಯಲ್ಲೂ ಜಾರಿ ಬಿದ್ದಿರಲಿಲ್ಲ. ಅಂದರೆ ಬಂದು ಹೋಗುವವನು ಸುಳ್ಳುಗಾರ ಬೇರೆ! ಮಿಲ್ಲಿನ ಸುದ್ದಿ ಹೇಳುವವನು ಮಿಲ್ಲಿನವನೇ ಇರಬೇಕು. ಧೂಳಪ್ಪನ ಕಣ್ಣು ಗುರಣ್ಣನ ಮೇಲೆ ಬಿತ್ತು. ಜೊತೆಗೆ ಚೀಲ ಹೊರುವ ಈ ಮಾತಿನ ಮಲ್ಲ ಮಧ್ಯಾಹ್ನವಾದರೆ ಬುತ್ತಿ ಹಿಡಿದು ಎಲ್ಲೋ ಮಾಯವಾಗುತ್ತಿದ್ದ.

ಅಂದು ರೊಟ್ಟಿ ಮುರಿಯುತ್ತ ಹೆಂಡತಿಯನ್ನು ಕೇಳಿದ. “ಮಧ್ಯಾಹ್ನ ಯಾರರ ಬಂದಿದ್ರೇನು?”

“ಇಲ್ರಿ. ಯಾರ ಬರ್ತಾರ್ರಿ ನಮ್ಮ ಮನಿಗೆ?”

ಅಷ್ಟು ಹೇಳಿ ಅವಳು ತಲೆ ತಗ್ಗಿಸಿದಳು. ಓಣಿಗೆಲ್ಲ ಹಂಚುವಷ್ಟು ಮಾತಿದ್ದವಳು ಇವನ ಮುಂದೆ ಮೂಕಿ. ಆ ಕಳ್ಳ ಸಿಕ್ಕರೆ ಅವನ ಕಾಲು ಮುರಿಯುವುದು, ಇವಳನ್ನು ಅಂದೇ ತವರಿಗೆ ಅಟ್ಟುವುದು ಎಂದು ಧೂಳಪ್ಪ ನಿಶ್ಚಯಿಸಿದ.

ಒಂದು ಮಧ್ಯಾಹ್ನ ಯಂತ್ರದ ಪಟ್ಟಾ ಹರಿದು ಮಿಲ್ಲು ನಿಂತಿತು. ಗುರಣ್ಣ ಕಾಣಲಿಲ್ಲ. ಧೂಳಪ್ಪ ಬಡಿಗೆಯೊಂದನ್ನು ಎತ್ತಿಕೊಂಡು ಮನೆಯತ್ತ ಹೊರಟ. ಮಿಲ್ಲಿನ ಹಿಂದಿನ ಗೋಡೆ ದಾಟುವಾಗ ನೋಡಿದರೆ, ಬಂಡಿಯ ನೆರಳಲ್ಲಿ ಗುರಣ್ಣ ಗೊರಕೆ ಹೊಡೆಯುತ್ತಿದ್ದ. ಹಾಗಾದರೆ ಇನ್ಯಾರು? ಅನುಮಾನ ಇಳಿಯಲಿಲ್ಲ, ಇನ್ನೂ ಹೆಚ್ಚಿತು.

ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಒಳಗೆ ಶೇವಂತೆವ್ವ ನಗುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಅವನು ಕೇಳಿದ್ದ ನಗು ಅದು.

“ಸಾಕ ಮಾಡ್ರಿ, ನಕ್ಕ ನಕ್ಕ ಹೊಟ್ಟಿ ನೋಯಾಕತ್ತೈತಿ. ಇನ್ನೊಂದ ರೊಟ್ಟಿ ಹಾಕ್ಲೇನು?”

ಧೂಳಪ್ಪ ಬಾಗಿಲು ಬಡಿದ.

“ತಡೀರಿ, ಯಾರೋ ಬಂದಾರ,” ಎಂದು ಅವಳು ಪಿಸುಗುಟ್ಟಿದ್ದು ಹೊರಗೂ ಕೇಳಿಸಿತು.

ಚಿಲಕ ಸರಿಯಿತು. ಗಂಡನನ್ನು ಕಂಡದ್ದೇ ಅವಳು ಸೆರಗು ತಲೆಗೆ ಎಳೆದುಕೊಂಡು ಬದಿಗೆ ಸರಿದಳು. ಧೂಳಪ್ಪ ಬಡಿಗೆ ಎತ್ತಿ ಒಳಗೆ ನುಗ್ಗಿದ.

ಆ ಒಂದೇ ಕೋಣೆಯಲ್ಲಿ ಯಾರೂ ಇರಲಿಲ್ಲ; ರೊಟ್ಟಿ ಬಡಿಸಿಟ್ಟ ತಾಟಿನ ಮುಂದೆ, ಮಣೆಯ ಮೇಲೆ, ಅವನೇ ಮದುವೆಯಲ್ಲಿ ತಲೆಗೆ ಸುತ್ತಿದ್ದ ರುಮಾಲು ಕುಳಿತಿತ್ತು.