ಉನ್ನೂರ್ ಒಣಗಿಸಿಟ್ಟ ಪಾಚಿ

ಹ್ಯಾಲ್ಮರನ ಕುತ್ತಿಗೆಯೆದುರು ಯಂತ್ರ ಹಿಡಿದಿದ್ದ ನರ್ಸ್ ದಿಸಾ ಹುಬ್ಬು ಗಂಟಿಕ್ಕಿದಳು. ಪರೀಕ್ಷೆಗೆಂದು ನಿನ್ನೆ ನುಂಗಿಸಿದ ವಿಕಿರಣಶೀಲ ಅಯೋಡಿನ್ ಅವನ ಥೈರಾಯ್ಡ್ ಗ್ರಂಥಿಯೊಳಗೆ ಇಳಿದೇ ಇರಲಿಲ್ಲ.

"ಕಡಲಪಾಚಿ ತಿಂದ್ರಾ? ಮುಟ್ಟಲೇಬೇಡಿ ಅಂತ ಅಷ್ಟು ಬಡ್ಕೊಂಡಿದ್ದೆ!"

"ದಿನಾ ಒಂದೇ ಎಸಳು, ಬೆಣ್ಣೆ ಹಚ್ಕೊಂಡು. ನನ್ನ ಹೆಂಡ್ತಿ ಉನ್ನೂರ್ ಸಾಯೋ ಮುಂಚೆ ಬಂಡೆ ಮೇಲಿಂದ ಕಿತ್ತು ಒಣಗಿಸಿಟ್ಟಿದ್ದು."

"ಪರೀಕ್ಷೆ ಕೆಡ್ತಲ್ಲ ಯಜಮಾನ್ರೇ! ಪಾಚಿಯಲ್ಲಿರೋ ಅಯೋಡಿನ್ನೇ ಗ್ರಂಥಿ ತುಂಬಾ ತುಂಬಿದೆ, ನಾವು ಕೊಟ್ಟಿದ್ದು ಇನ್ನೆಲ್ಲಿ ಹಿಡಿಯುತ್ತೆ? ಮನೇಲಿ ಉಳಿದಿದ್ದೆಲ್ಲ ಎಸೆದು ಆರು ವಾರ ಬಿಟ್ಟು ಬನ್ನಿ."

"ಎಸೆಯೋಕೆ ಏನೂ ಇಲ್ಲ ತಾಯಿ. ಕೊನೇದು ಇವತ್ತು ಬೆಳಿಗ್ಗೆ ಮುಗೀತು."

ಅವನು ಜೇಬಿನಿಂದ ಉನ್ನೂರಳ ಬಟ್ಟೆಚೀಲ ತೆಗೆದು ಮಗುಚಿದ. ಅಂಗೈಗೆ ಚಿಟಿಕೆ ಉಪ್ಪು, ಪಾಚಿಯ ಕೆಂಪು ಪುಡಿ ಉದುರಿತು. ದಿಸಾ ನಲ್ಲಿ ತಿರುಗಿಸಿ, "ಕೈ ತೊಳ್ಕೊಳ್ಳಿ" ಎಂದಳು.

ಹ್ಯಾಲ್ಮರ್ ಮುಷ್ಟಿ ಬಿಗಿದುಕೊಂಡ. ನಲ್ಲಿ ಸುರಿಯುತ್ತಲೇ ಇತ್ತು.