ಅಲ್ಲಿ ಮತ್ತೆ ತಯಾರಿಸಬೇಡಿ

ಬೆಳಿಗ್ಗೆ ಗುಲ್ಬರ್ಗದಿಂದ ಬಂದ ಫ್ಲಾಪಿಯ ಮೇಲೆ ಅಂಟಿಸಿದ್ದ ಚೀಟಿಯನ್ನು ಲೀಲಾಬಾಯಿ ಎರಡು ಸಲ ಓದಿದರು. ‘ಸರದಿ ಪಟ್ಟಿ ಸಿದ್ಧಮಾಡಿಯೇ ಹಾಕಿದ್ದೇನೆ. ಅಲ್ಲಿ ಮತ್ತೆ ತಯಾರಿಸಬೇಡಿ. – ವಾಮನ.’

ಯಾಕೆ ಬೇಡ?

1993ರ ಜುಲೈ. ಜೇವರ್ಗಿಯಲ್ಲಿ ಸ್ಥಳಾಂತರ ಸಮಿತಿಯ ಕೋಣೆ. ಹೊರಗೆ ಭೀಮಾ ದಂಡೆಯ ನೂರಾ ಹನ್ನೆರಡು ಮನೆಗಳವರು ಕಾಯುತ್ತಿದ್ದರು. ಎತ್ತರದ ಜಾಗದಲ್ಲಿ ಇದ್ದದ್ದು ನಲವತ್ತು ನಿವೇಶನ. ಉಳಿದವರು ಮುಂದಿನ ಸಲ ಹೊಳೆ ಉಕ್ಕಿದಾಗಲೂ ದಂಡೆಯಲ್ಲೇ. ಅರ್ಜಿಯ ನಂಬರುಗಳನ್ನು ಕಂಪ್ಯೂಟರು ಕಲಸಬೇಕು. ಕಲಸಿದ ಮೇಲೆ ಮೊದಲು ಬಂದ ನಲವತ್ತು ನಂಬರಿಗೆ ಜಾಗ. ಮೋಸವಾಗದಂತೆ ನೋಡಿಕೊಳ್ಳಲು ಗುಲ್ಬರ್ಗದಿಂದ ಗಣಿತದ ಲೀಲಾಬಾಯಿಯವರನ್ನು ಕರೆಸಿದ್ದರು.

ಪ್ರೋಗ್ರಾಮು ಬರೆದವನು ಗುಲ್ಬರ್ಗದ ವಾಮನ. ಯಾರು ಬೇಕಾದರೂ ಪರೀಕ್ಷಿಸಲಿ ಎಂದು ಎರಡು ತಿಂಗಳ ಹಿಂದೆಯೇ ಅದನ್ನು ಸಮಿತಿಗೆ ಕೊಟ್ಟಿದ್ದ. ಲೀಲಾಬಾಯಿ ಒಂದೊಂದು ಸಾಲನ್ನೂ ಓದಿದ್ದರು. ಕಲಸುವುದು ಯಂತ್ರದೊಳಗಿನ ತಾರೀಖಿನಿಂದ ಶುರು. ತಾರೀಖು ಬೇರೆಯಾದರೆ ಸರದಿಯೂ ಬೇರೆ. ಸರದಿ ಎತ್ತುವ ದಿನ ಇವತ್ತು ಬೆಳಿಗ್ಗೆಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಎಲ್ಲೂ ಹುಳುಕಿಲ್ಲ.

ಆದರೆ ಸಿದ್ಧಪಟ್ಟಿ? ಅದು ಆ ಸಾಲುಗಳಿಂದಲೇ ಹುಟ್ಟಿದ್ದು ಎನ್ನಲು ಏನು ಸಾಕ್ಷಿ? ರೊಟ್ಟಿ ಬಡಿಯುವುದನ್ನು ಇಲ್ಲಿ ತೋರಿಸಿ, ಬುತ್ತಿಯನ್ನು ಬೇರೆಲ್ಲಿಂದಲೋ ಕಟ್ಟಿಕೊಟ್ಟ ಹಾಗಿತ್ತು.

“ನನಗೂ ಅದೇ ಸಂಶಯ ನೋಡ್ರಿ ಅಕ್ಕೋರೆ,” ಎಂದ ಆಪರೇಟರ್ ಹುಲೆಪ್ಪ, ಚಹಾ ಇಡುತ್ತ. “ಎಲ್ಲಾರ ಮುಂದ ಇಲ್ಲೇ ಹೊಸದಾಗಿ ಮಾಡಿಬಿಡ್ರಿ. ಮಾತು ಬರಬಾರದು.”

ಕರೆಂಟು ಹೋಗಿ ಬಂತು. ಯಂತ್ರ ಮತ್ತೆ ಎದ್ದು ಏನೋ ಕೇಳಿತು. ಹುಲೆಪ್ಪ ನೋಡದೆಯೇ ಎರಡು ಸಲ ಎಂಟರ್ ಒತ್ತಿದ.

“ಏನ್ ಕೇಳ್ತದ ಅದು?”

“ದಿನಾ ಕೇಳೂದ ಕೇಳ್ತದರಿ. ನಮ್ಮಂಗ ಇದಕ್ಕ ವಯಸ್ಸಾಗಂಗಿಲ್ಲ. ದಿನಾ ಹೊಸ ವರ್ಷ!”

ಲೀಲಾಬಾಯಿ ನಕ್ಕರು.

ಬಾಗಿಲಲ್ಲಿ ಮಾಳಮ್ಮ ನಿಂತಿದ್ದಳು. ಇಜೇರಿಯ ಹೊಲಗಳಿಗೆ ಕೂಲಿಗೆ ಹೋಗುವವಳು. ಹೋದ ಸಲದ ಹೊಳೆ ಆಕೆಯ ಹಿತ್ತಲ ಗೋಡೆಯನ್ನು ಒಯ್ದಿತ್ತು. ಕೈಯಲ್ಲಿ ರಸೀದಿ: ಅಂಚಿನಲ್ಲಿ ತೂತುಗಳಿದ್ದ ಕಂಪ್ಯೂಟರ್ ಕಾಗದದ ರದ್ದಿಯ ಮೇಲೆ ಹುಲೆಪ್ಪ ಹೋದ ತಿಂಗಳು ಬರೆದುಕೊಟ್ಟದ್ದು.

“ಎಲ್ಲಾರಕಿಂತ ಮೊದಲ ಅರ್ಜಿ ಕೊಟ್ಟಾಕಿ ನಾನರಿ ಅಕ್ಕೋರೆ. ನನಗ ನೂರಾ ಮೂರನೇ ನಂಬರ ಕೊಟ್ಟಾನ ಇವ.”

“ಯಾವ ನಂಬರಾದ್ರೇನಬೇ? ಕಂಪ್ಯೂಟರ ನಿನ್ನ ಮಾರಿ ನೋಡ್ತದೇನು?” ಎಂದ ಹುಲೆಪ್ಪ.

“ಅದು ನೋಡಂಗಿಲ್ಲ. ನೀ ನೋಡ್ತಿ.”

ಲೀಲಾಬಾಯಿಯವರ ಮನಸ್ಸು ಗಟ್ಟಿಯಾಯಿತು. ಇಂಥವಳ ಗೋಡೆಯನ್ನು ಗುಲ್ಬರ್ಗದಲ್ಲಿ ಕುಳಿತವನ ಚೀಟಿಗೆ ಬಿಡುವುದಿಲ್ಲ. ಎಲ್ಲರನ್ನೂ ಒಳಗೆ ಕರೆದರು. ತಾವೇ ಕೈಯಾರೆ ಪಟ್ಟಿಯನ್ನು ಮತ್ತೆ ತಯಾರಿಸಿದರು. ಹೊಸದು ಹಳೆಯದರ ಮೇಲೆಯೇ ಕುಳಿತು ಅದನ್ನು ಅಳಿಸಿಹಾಕಿತು. ಪ್ರಿಂಟರು ಕಿರುಗುಟ್ಟಿತು.

ಹುಲೆಪ್ಪ ಓದಿದ. “ಎಪ್ಪತ್ತೊಂದು. ಹದಿನೆಂಟು. ತೊಂಬತ್ತಮೂರು. ಐದು...”

ನಲವತ್ತು ಮುಗಿಯಿತು. ನೂರಾ ಮೂರು ಬರಲಿಲ್ಲ.

ಸಮಿತಿಯವರು ಸಹಿ ಹಾಕಿ ಎದ್ದರು. ಕೋಣೆ ಖಾಲಿಯಾಯಿತು. ಮಾಳಮ್ಮ ಮಾತ್ರ ಉಳಿದಳು.

“ಎಪ್ಪತ್ತೊಂದು ಹುಲೆಪ್ಪನ ಅಳಿಯರಿ. ಹದಿನೆಂಟು ಅವನ ತಂಗಿ.”

“ದೈವ ಮಾಳಮ್ಮ. ಯಾರ ಕೈನೂ ಆಡಿಲ್ಲ. ನಾನೇ ಮಾಡೇನಿ.”

“ಹಂಗಾದ್ರ ಇದನ್ನ ನೀವ ಇಟಗೋರಿ.” ರಸೀದಿಯನ್ನು ಮೇಜಿನ ಮೇಲೆ ಒಗೆದು ಹೊರಟಳು.

ಕಾಗದ ಮಗುಚಿ ಬಿತ್ತು. ರದ್ದಿಯ ಬೆನ್ನ ಮೇಲೆ ಹಳೆಯ ಅಚ್ಚು, ಮಾಸಿತ್ತು, ಆದರೂ ಓದಲು ಬರುತ್ತಿತ್ತು: 71, 18, 93, 5...

ಲೀಲಾಬಾಯಿ ಇವತ್ತಿನ ಪಟ್ಟಿಯನ್ನು ಅದರ ಪಕ್ಕಕ್ಕೆ ಎಳೆದುಕೊಂಡರು.

ಎರಡರ ನೆತ್ತಿಯ ಮೇಲೂ ಒಂದೇ ತಾರೀಖಿತ್ತು, ಕೇಳಿದಾಗ ಯಾರೂ ತುಂಬದಿದ್ದರೆ ಯಂತ್ರ ತಾನೇ ಹಾಕಿಕೊಳ್ಳುವಂಥದ್ದು: 1-1-1980.